ಅತ್ತೆ ಹೊಗಳಿದ ಚಕ್ರಗಳು

ನಮ್ಮ ಕಾರಿಗೆ ದೊಡ್ಡ ಅಲಾಯ್ ಚಕ್ರ ಹಾಕಿಸಿದ್ದು ಶೋಕಿಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಎಲ್ಲರೂ ಹಾಗೇ ಅಂದುಕೊಂಡರು. ಮನೆಯಲ್ಲಿ ಮುದುಕಿ ಮಲಗಿದ್ದಾಳೆ, ಮಗ ಗಾಡಿ ಸಿಂಗರಿಸಿಕೊಂಡು ಬಂದಿದ್ದಾನೆ ಎಂದು ಮೇಲಿನ ಮಹಡಿಯ ಹೆಂಗಸು ಲಿಫ್ಟಿನಲ್ಲಿ ನನ್ನೆದುರೇ ಇನ್ನೊಬ್ಬಳಿಗೆ ಮರಾಠಿಯಲ್ಲಿ ಹೇಳಿದಳು. ನನಗೆ ಮರಾಠಿ ತಿಳಿಯುವುದಿಲ್ಲ ಅಂದುಕೊಂಡಿದ್ದಳೋ ಏನೋ. ಇಷ್ಟು ವರ್ಷ ಇಲ್ಲಿನ ತರಕಾರಿ ಮಾರುವ ಭಾಜಿವಾಲಿಯರ ಜೊತೆ ಜಗಳವಾಡಿದವಳಿಗೆ ಅಷ್ಟೂ ತಿಳಿಯದೇ? ಆದರೂ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಕಥೆಯೆಲ್ಲ ಹೇಳಬೇಕಾಗುತ್ತಿತ್ತು. ಅವಳಿಗೆ ಅದನ್ನು ಹೇಳುವ ಮನಸ್ಸು ನನಗಿರಲಿಲ್ಲ.

ಅತ್ತೆಗೆ ಎದೆಯ ಗಡ್ಡೆ ತೆಗೆಸಿ ಕೆಲವು ವರ್ಷವಾಗಿತ್ತು. ಇನ್ನೇನು ಗೆದ್ದೆವು ಅಂದುಕೊಂಡು ಎಲ್ಲರೂ ಮರೆತಿದ್ದೆವು. ಆಮೇಲೆ ಬೆನ್ನು ನೋವು ಅಂದರು. ವಯಸ್ಸಾಯಿತಲ್ಲ ಎಂದು ಎಣ್ಣೆ ತಿಕ್ಕಿದೆವು, ಬಿಸಿನೀರಿನ ಚೀಲ ಇಟ್ಟೆವು. ಸ್ಕ್ಯಾನ್ ಮಾಡಿಸಿದಾಗ ರೋಗ ಬೆನ್ನುಮೂಳೆಗೆ ಇಳಿದಿತ್ತು. ಗುಣವಾಗುವ ಮಾತು ಯಾರೂ ಆಡಲಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಎರಡು ವಾರ ದಿನಾ ಬಂದು ಬೆನ್ನಿಗೆ ರೇಡಿಯೇಷನ್, ನಮ್ಮ ಮಾತಿನಲ್ಲಿ ಕರೆಂಟು, ಕೊಡಿಸಿಕೊಂಡು ಹೋದರೆ ಇರುವಷ್ಟು ದಿನ ನಡೆದಾಡಿಕೊಂಡು ಇರುತ್ತಾರೆ, ನೋವೂ ಇಳಿಯುತ್ತದೆ. ಅರ್ಧಕ್ಕೆ ಬಿಟ್ಟರೆ ಯಾವತ್ತಾದರೂ ಒಂದು ದಿನ ಕಾಲೆರಡೂ ಹೋಗಬಹುದು. ಮಲಗಿದಲ್ಲೇ ಎಲ್ಲ ಆಗಬೇಕಾಗುತ್ತದೆ.

ಅತ್ತೆ ಅಲ್ಲೇ ಡಾಕ್ಟರ ಮುಂದೆ, ಬರುತ್ತೇನೆ, ಎಷ್ಟು ದಿನ ಬೇಕಾದರೂ ಬರುತ್ತೇನೆ ಅಂದರು. ಸಾಯುವುದಕ್ಕೆ ಅವರಿಗೆ ಹೆದರಿಕೆ ಇರಲಿಲ್ಲ. ಬಚ್ಚಲಿಗೆ ಇನ್ನೊಬ್ಬರು ಎತ್ತಿಕೊಂಡು ಹೋಗುವಂತಾಗಬಾರದು ಎನ್ನುವುದೊಂದೇ ಅವರ ಹಟ. ಮಾವನವರು ಪಾರ್ಶ್ವವಾಯು ಹೊಡೆದು ಎರಡು ವರ್ಷ ಮಲಗಿದ್ದಾಗ ಎಲ್ಲ ಬಾಚಿದವರು ಅತ್ತೆಯೇ. ಅದು ಹೇಗಿರುತ್ತದೆಂದು ಬೇರೆ ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಆಸ್ಪತ್ರೆ ನವಿ ಮುಂಬಯಿಯಲ್ಲಿ, ಕಳಂಬೋಲಿ ಕಡೆ. ಡೊಂಬಿವಲಿಯಿಂದ ಕಲ್ಯಾಣ್–ಶಿಳ್ ರಸ್ತೆ ಹಿಡಿದು, ಶಿಳ್ ಫಾಟಾದಲ್ಲಿ ಪನ್ವೆಲ್ ಕಡೆ ತಿರುಗಿ, ಉಕ್ಕಿನ ಸುರುಳಿ ಹೊತ್ತ ಟ್ರೇಲರುಗಳ ಬಾಲ ಹಿಡಿದು ಹೋಗಬೇಕು. ಅದು ಮಳೆಗಾಲ. ಮೆಟ್ರೋದವರು ರಸ್ತೆಯ ನಡುವನ್ನು ಅಗೆದು ತಗಡು ಕಟ್ಟಿದ್ದರು, ಉಳಿದ ಬದಿಗಳನ್ನು ಮಳೆ ಅಗೆದಿತ್ತು. ಒಂದು ಸಲ ಆ್ಯಂಬುಲೆನ್ಸಿನಲ್ಲಿ ಹೋಗಿ ನೋಡಿದ್ದಾಯಿತು. ಅದರಲ್ಲಿ ಅತ್ತೆಯ ಬೆನ್ನು ಕಬ್ಬಿಣದ ಹಲಗೆಯ ಮೇಲೆ ಕುಣಿಯಿತು. ಇನ್ನೊಮ್ಮೆ ಅದರಲ್ಲಿ ಹತ್ತಿಸಬೇಡಿ ಅಂದರು. ಹಾಗಾಗಿ ನಮ್ಮ ಸೆಡಾನಿನ ಹಿಂದಿನ ಸೀಟಿನಲ್ಲಿ ದಿಂಬು ಹಾಸಿ, ಕಾಲು ಮಡಿಸಿ, ತಲೆ ನನ್ನ ತೊಡೆಯ ಮೇಲಿಟ್ಟು ಮಲಗಿಸಿಕೊಂಡು ಹೋಗುತ್ತಿದ್ದೆವು. ನನ್ನ ಗಂಡ ಗಾಡಿ ಓಡಿಸುತ್ತಿದ್ದರು. ಮೊದಲ ದಿನ ಒಂದು ಹೊಂಡಕ್ಕೆ ಇಳಿದಾಗ ಅತ್ತೆ ಸಣ್ಣಗೆ ಮುಲುಗಿದರು. ಅಷ್ಟಕ್ಕೇ ಇವರು ಎರಡು ಸಲ ಹಿಂದೆ ತಿರುಗಿ ನೋಡಿದರು.

ಚಕ್ರದ ಯೋಚನೆ ಇವರಿಗೆ ಹುಟ್ಟಿದ್ದು ಅಲ್ಲಿಂದ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ನಗು ಬರುತ್ತದೆ, ಆದರೆ ನಗುವ ವಿಷಯವಲ್ಲ. ಇವರ ಅಪ್ಪ ಉಡುಪಿಯಿಂದ ಬಂದು ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸಿದವರು. ಅಲ್ಲಿ ಎಂಜಲು ತಟ್ಟೆ, ಗ್ಲಾಸು ತುಂಬಿ ಒಳಗೆ ತಳ್ಳುವ ಟ್ರಾಲಿಯೊಂದಿತ್ತು. ಅದರ ಸಣ್ಣ ಗಾಲಿಗಳು ನೆಲದ ಮೋರಿಯ ಜಾಲರಿ ದಾಟುವಾಗಲೆಲ್ಲ ಸಿಕ್ಕಿಕೊಂಡು ಗ್ಲಾಸುಗಳು ಗಲಗಲ ಅನ್ನುತ್ತಿದ್ದವಂತೆ, ಆಗಾಗ ಒಡೆಯುತ್ತಲೂ ಇದ್ದವಂತೆ. ಮಾವನವರು ಅದಕ್ಕೆ ದೊಡ್ಡ ಗಾಲಿ ಹಾಕಿಸಿದರು. ಆಮೇಲೆ ಜಾಲರಿ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಆ ಹೋಟೆಲಿನ ಗಲ್ಲಾದ ಹಿಂದೆ ಕೂತು ಶಾಲೆಯ ಪಾಠ ಬರೆದ ನನ್ನ ಗಂಡನಿಗೆ ಭೌತಶಾಸ್ತ್ರವೆಂದರೆ ಆ ಟ್ರಾಲಿಯೇ. ಈಗ ಮಹಾಪೆಯಲ್ಲಿ ಕಂಪನಿಯೊಂದರ ಲೆಕ್ಕ ನೋಡುವ ಮನುಷ್ಯ, ಚಕ್ರ ದೊಡ್ಡದಾದರೆ ಹೊಂಡ ಸಣ್ಣದಾಗುತ್ತದೆ ಎಂದು ನನಗೆ ಊಟದ ತಟ್ಟೆಯ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಅತ್ತೆ ಮಲಗಿದಲ್ಲಿಂದಲೇ, ಹೌದು, ಟ್ರಾಲಿಗೆ ದೊಡ್ಡ ಗಾಲಿ ಬಂದ ಮೇಲೆ ಒಂದು ಗ್ಲಾಸೂ ಒಡೆಯಲಿಲ್ಲ ಎಂದು ಸೇರಿಸಿದರು.

ಕಾರಿನ ಚಕ್ರ ಟ್ರಾಲಿಯ ಗಾಲಿಯ ಹಾಗಲ್ಲ. ಮಡ್‌ಗಾರ್ಡಿನ ಕೆಳಗೆ ಇರುವ ಜಾಗ ಇರುವಷ್ಟೇ. ಒಳಗಿನ ರಿಮ್ ದೊಡ್ಡದು ಹಾಕಿದರೆ ಹೊರಗಿನ ರಬ್ಬರು ಅಷ್ಟು ತೆಳ್ಳಗಾಗಬೇಕು, ಹೊಂಡದ ಏಟು ನುಂಗುವುದು ಆ ರಬ್ಬರೇ. ಇದು ನನಗೂ ಆಗ ತಿಳಿದಿರಲಿಲ್ಲ. ಕಲ್ಯಾಣ್–ಶಿಳ್ ರಸ್ತೆಯ ಅಂಗಡಿಯವನಿಗೆ ಖಂಡಿತ ತಿಳಿದಿತ್ತು. ಆದರೆ ಎದುರಿಗೆ ನಿಂತ ಗಿರಾಕಿ ಅಮ್ಮನ ಬೆನ್ನು, ಆಸ್ಪತ್ರೆ, ಹೊಂಡ ಎಂದೆಲ್ಲ ಹೇಳುತ್ತಿದ್ದರೆ ಅವನು, “ಸರ್, ಖಡ್ಡಾ ಪತಾ ಭೀ ನಹೀ ಚಲೇಗಾ” ಅಂದುಬಿಟ್ಟ, ಹೊಂಡ ಇದೆಯೆಂದೇ ಗೊತ್ತಾಗುವುದಿಲ್ಲ ಎಂದು. ಹಳೆಯ ಚಕ್ರಗಳನ್ನು ಎಕ್ಸ್‌ಚೇಂಜಿನಲ್ಲಿ ಅವನೇ ಇಟ್ಟುಕೊಂಡ. ಫಳಫಳ ಹೊಳೆಯುವ ದೊಡ್ಡ ರಿಮ್ಮು, ಅದರ ಸುತ್ತ ಮೂರು ನಾಲ್ಕು ಬೆರಳಗಲದ ರಬ್ಬರು. ನನ್ನ ಗಂಡ ಗಾಡಿಯನ್ನು ಸೊಸೈಟಿಯ ಗೇಟಿನೊಳಗೆ ತಂದು ನಿಲ್ಲಿಸಿ, ಬಹಳ ದಿನಗಳ ಮೇಲೆ ನಕ್ಕರು. ಆ ನಗುವನ್ನು ನೋಡಿ ನನಗೂ ಸಂತೋಷವಾಯಿತು.

ಈ ಮನೆಯಲ್ಲಿ ಒಂದು ಪದ್ಧತಿಯುಂಟು. ಹೊಸದಾಗಿ ಏನು ಬಂದರೂ ಮೊದಲ ದಿನ ಅದನ್ನು ಹೊಗಳಬೇಕು. ಹೊಸ ಗ್ರೈಂಡರು, ಹೊಸ ಅಡುಗೆಭಟ್ಟ, ಹೊಸ ಸೊಸೆ, ಎಲ್ಲಕ್ಕೂ ಅದೇ. ಮೊದಲ ದಿನ ಕೆಟ್ಟ ಮಾತು ಬಿದ್ದರೆ ಆ ವಸ್ತು ಏಳಿಗೆಯಾಗುವುದಿಲ್ಲ ಎಂದು ನಂಬಿಕೆ. ಮೈಸೂರಿನಿಂದ ಬಂದ ನಾನು ಮೊದಲ ದಿನ ಮಾಡಿದ ಸಾರಿಗೆ ಹುಳಿಯೇ ಇರಲಿಲ್ಲ. ಅತ್ತೆ ಎರಡು ಸಲ ಬಡಿಸಿಕೊಂಡು ಲಾಯ್ಕುಂಟು ಅಂದರು. ಒಮ್ಮೆ ಹೊಗಳಿದ ಮೇಲೆ ಮಾತು ಹಿಂದೆ ತೆಗೆದುಕೊಳ್ಳುವ ಜಾಯಮಾನವೂ ಅವರದ್ದಲ್ಲ. ಕಲ್ಲು ಸೀಳಿದ ಗ್ರೈಂಡರೊಂದನ್ನು, ಮಗ ಮೊದಲ ಸಂಬಳದಲ್ಲಿ ತಂದದ್ದೆಂದು, ಇಡ್ಲಿ ಹಿಟ್ಟಿನಲ್ಲಿ ಮರಳು ಬಂದರೂ ವರ್ಷಗಟ್ಟಲೆ ತಿರುಗಿಸಿದ ಹೆಂಗಸು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಗಾಲಿಕುರ್ಚಿಯಲ್ಲೇ ಕೂತು ನಾಲ್ಕೂ ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿಸಿದರು, ನಿಂಬೆಹಣ್ಣು ಇಡಿಸಿದರು. ಗಾಡಿ ಅವುಗಳನ್ನು ಮೆಟ್ಟಿ ಮುಂದೆ ಬಂತು. ಹತ್ತಿ ಮಲಗಿದ ಮೇಲೆ, ಇನ್ನೂ ಗೇಟು ದಾಟುವ ಮೊದಲೇ, ಚೆನ್ನಾಗಿದೆ ಅಂದರು.

ಗೇಟು ದಾಟಿ ಮೊದಲ ಸ್ಪೀಡ್‌ಬ್ರೇಕರಿಗೆ ಬಂದಾಗ ನನಗೆ ಗೊತ್ತಾಯಿತು. ಮೊದಲು ಆ ಏಟು ಎಲ್ಲೋ ಕೆಳಗೆ ಅರ್ಧ ಕರಗಿ ಬರುತ್ತಿತ್ತು. ಈಗ ನೇರ ಸೀಟಿಗೆ, ಸೀಟಿನಿಂದ ನನ್ನ ತೊಡೆಗೆ, ತೊಡೆಯಿಂದ ಅವರ ತಲೆಗೆ ಬಂತು. ಅತ್ತೆಯ ಕೈ ನನ್ನ ಕುರ್ತಾದ ಅಂಚನ್ನು ಹಿಡಿಯಿತು. ಕಾಟಾಯಿ ಹತ್ತಿರ ಮೆಟ್ರೋದ ಹೊಂಡಗಳು ಶುರುವಾದಾಗ ಅವರು ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ಇಟ್ಟುಕೊಂಡರು. ಮುಂದಿನಿಂದ ಮಗ ತುಳುವಿನಲ್ಲಿ ಕೇಳಿದರು, “ಅಮ್ಮಾ, ಎಂಚ ಉಂಡು?” ಹೇಗಿದೆ ಎಂದು. ಅತ್ತೆ ಬಾಯಿಂದ ಸೆರಗು ತೆಗೆದು, ಉಸಿರು ಎಳೆದುಕೊಂಡು, “ಇತ್ತೆ ಎಡ್ಡೆ ಉಂಡು ಮಗಾ” ಅಂದರು. ಈಗ ಒಳ್ಳೆಯದಿದೆ ಮಗಾ. ಹೇಳಿ ಮುಗಿಸಿ ಸೆರಗನ್ನು ಮತ್ತೆ ಬಾಯಿಗೆ ತುರುಕಿಕೊಂಡರು.

ಕನ್ನಡಿಯಲ್ಲಿ ಇವರ ಮುಖ ಅರಳಿದ್ದು ಕಂಡಿತು. ಅಮ್ಮನಿಗೆ ಹಾಯಾಗಿದೆ ಎಂದು ನಂಬಿದ ಮೇಲೆ ಇವರು ಮೊದಲಿಗಿಂತ ಸ್ವಲ್ಪ ಜೋರಾಗಿಯೇ ಓಡಿಸತೊಡಗಿದರು.

ಕರೆಂಟಿನ ಕೋಣೆಯ ಹೊರಗೆ ಸರದಿಗೆ ಕಾಯುವಾಗ, ಇವರು ಗಾಡಿ ನಿಲ್ಲಿಸಲು ಹೋಗಿದ್ದಾಗ, ನಾನು ಅತ್ತೆಯನ್ನು ತರಾಟೆಗೆ ತೆಗೆದುಕೊಂಡೆ. ಇದೇನು ನಾಟಕ, ಇವತ್ತೇ ಹೇಳುತ್ತೇನೆ, ಹಳೇ ಚಕ್ರ ಹಾಕಿಸಲಿ ಅಂದೆ. ಅವರು ನನ್ನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ.

“ಹೇಳ್ಬೇಡ ಮಾರಾಯ್ತಿ. ಅಂವ ನಂಗೋಸ್ಕರ ಮಾಡಿದ್ದು. ಬೇರೆ ಎಂತ ಮಾಡ್ಲಿಕ್ಕುಂಟು ಅವನಿಗೆ?”

ಹೇಳುವುದಿಲ್ಲ ಅಂದೆ. ನಿಜವಾಗಿಯೂ ಬೇರೇನು ಮಾಡಬಹುದಿತ್ತು ಆ ಮನುಷ್ಯ? ಔಷಧಿ ಡಾಕ್ಟರದ್ದು, ರೋಗ ದೇವರದ್ದು. ಅವರ ಪಾಲಿಗೆ ಉಳಿದದ್ದು ರಸ್ತೆ ಒಂದೇ. ಹೊರಡುವ ಮುಂಚೆ ನೋವಿನ ಮಾತ್ರೆ ಕೊಡುತ್ತ, ದಿಂಬಿನ ಮೇಲೆ ದಿಂಬು ಹಾಕುತ್ತ ದಿನ ತಳ್ಳಿದೆ. ಇವರು ಆಫೀಸಿನಲ್ಲಿ, ಸೊಸೈಟಿಯಲ್ಲಿ, ಫೋನಿನಲ್ಲಿ ತಂಗಿಗೆ, ಸಿಕ್ಕಸಿಕ್ಕವರಿಗೆ ಚಕ್ರದ ಮಹಿಮೆ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು, ಅದೇ ಹೊತ್ತಿಗೆ ಪಾಪ ಅನ್ನಿಸುತ್ತಲೂ ಇತ್ತು.

ಕರೆಂಟು ಅರ್ಧ ಮುಗಿದಿರಬೇಕು. ಒಂದು ಬೆಳಿಗ್ಗೆ ನಾನು ಸೀರೆ ಉಡಿಸಲು ಹೋದರೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಇವತ್ತು ಬರುವುದಿಲ್ಲ ಅಂದರು. ನಾಳೆಯೂ ಇಲ್ಲ. ಸಾಕು. ಇವರು ಓಡಿ ಬಂದು ಮಂಚದ ಪಕ್ಕ ನೆಲಕ್ಕೆ ಕೂತರು. ಡಾಕ್ಟರು ಹೇಳಿದ್ದನ್ನೆಲ್ಲ ನೆನಪಿಸಿದರು, ಕಾಲಿನ ವಿಷಯ ಹೇಳಿದರು, ಅಪ್ಪ ಮಲಗಿದ್ದ ಎರಡು ವರ್ಷದ ಮಾತೂ ಎತ್ತಿದರು. ಅತ್ತೆ ತಿರುಗಲಿಲ್ಲ. ಆ ಕರೆಂಟು ತನಗೆ ಆಗಿಬರುವುದಿಲ್ಲ, ಮೈಯೆಲ್ಲ ಉರಿಯುತ್ತದೆ, ತಡೆಯಲು ಆಗುವುದಿಲ್ಲ ಅಂದರು. ಕರೆಂಟು ಕೊಡುವಾಗ ಏನೂ ಆಗುವುದಿಲ್ಲ, ಮಂಚದ ಮೇಲೆ ಸುಮ್ಮನೆ ಮಲಗಿದ ಹಾಗಿರುತ್ತದೆ ಎಂದು ನನಗೆ ಅವರೇ ಹೇಳಿದ್ದರು.

ಡಾಕ್ಟರು ಫೋನಿನಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಬಿಡಬೇಡಿ ಎಂದರು. ಇವರು ಅಡುಗೆಮನೆಗೆ ಬಂದು, ಸಿಂಕಿನ ಮುಂದೆ ನಿಂತು, ನಲ್ಲಿ ತಿರುಗಿಸಿ ಅತ್ತರು. ಅಮ್ಮ ಸೋತುಬಿಟ್ಟಳು ಅಂದರು. ದಾರಿಯಾದರೂ ಸುಖವಾಗಿತ್ತಲ್ಲ, ಅಷ್ಟಾದರೂ ನನ್ನಿಂದಾಯಿತು ಎಂದೂ ಅಂದರು.

ಆಗ ನನಗೆ ತಡೆಯಲಾಗಲಿಲ್ಲ. ಅತ್ತೆಗೆ ಕೊಟ್ಟ ಮಾತು, ಮಗನ ಮನಸ್ಸು, ಇವೆಲ್ಲ ಇದ್ದವು. ಆದರೆ ಆ ಹೆಂಗಸು ಈಗ ತನ್ನ ಕಾಲನ್ನೇ ಬಿಟ್ಟುಕೊಡಲು ಹೊರಟಿದ್ದರು, ಜಗತ್ತಿನಲ್ಲಿ ಅವರು ಹೆದರುತ್ತಿದ್ದ ಒಂದೇ ಒಂದು ವಿಷಯಕ್ಕೆ ತಲೆ ಕೊಡುತ್ತಿದ್ದರು, ಗಾಡಿಯ ಚಕ್ರವೊಂದರ ಮರ್ಯಾದೆ ಕಾಯಲು. ಕೆಲಸದ ಮಾವಶಿಯನ್ನು ಅತ್ತೆಯ ಪಕ್ಕ ಕೂರಿಸಿ, ಕೀಲಿಕೈ ತೆಗೆದುಕೊಂಡು, ಕೆಳಗೆ ಬನ್ನಿ ಅಂದೆ. ಕಾರಿನ ಹಿಂದಿನ ಬಾಗಿಲು ತೆಗೆದೆ.

“ನಿಮ್ಮಮ್ಮ ಮಲಗೋ ಹಾಗೆ ಮಲಗಿ. ನಾನು ಓಡಿಸ್ತೀನಿ.”

ಯಾಕೆ ಎಂದು ಕೇಳಿದರು. ಮಲಗಿ, ಗೊತ್ತಾಗುತ್ತದೆ ಅಂದೆ. ದಪ್ಪ ಮನುಷ್ಯ ಕಾಲು ಮಡಿಸಿ, ಅದೇ ದಿಂಬುಗಳ ಮೇಲೆ ಹೇಗೋ ಮಲಗಿದರು. ನಾನು ಕಾಟಾಯಿ, ಶಿಳ್ ಫಾಟಾ ದಾಟಿ, ಇವರು ದಿನಾ ಓಡಿಸುತ್ತಿದ್ದ ವೇಗದಲ್ಲೇ ಓಡಿಸಿದೆ. ಯಾವ ಹೊಂಡವನ್ನೂ ಬೇಕೆಂದು ಹಿಡಿಯಲಿಲ್ಲ, ಬೇಕೆಂದು ತಪ್ಪಿಸಲೂ ಇಲ್ಲ. ಶುರುವಿಗೆ ಇವರು ಏನೋ ಮಾತಾಡುತ್ತಿದ್ದರು. ಮೊದಲ ದೊಡ್ಡ ಹೊಂಡದಲ್ಲಿ ಮಾತು ಅರ್ಧಕ್ಕೆ ನಿಂತಿತು. ತಲೋಜಾದ ಹತ್ತಿರ ಗಾಡಿ ತಿರುಗಿಸಲು ನಿಲ್ಲಿಸಿದಾಗ ಎದ್ದು ಕೂತರು. ಆರೋಗ್ಯವಂತನ ಬೆನ್ನು ಅದು, ಆದರೂ ಒಂದು ಕೈ ಸೊಂಟದ ಮೇಲಿತ್ತು. ದಿನಾ ಹೀಗೇ ಇತ್ತಾ ಎಂದು ಕೇಳಿದರು. ದಿನಾ ಅಂದೆ. ಸೆರಗಿನ ವಿಷಯವನ್ನೂ ಹೇಳಿದೆ. ಹೇಳದೆ ಬಿಡಬಹುದಿತ್ತು, ಆದರೆ ಹೇಳಲು ಕೂತ ಮೇಲೆ ಅರ್ಧ ಹೇಳಿ ಅರ್ಧ ಬಿಡುವುದು ನನಗೆ ಬರುವುದಿಲ್ಲ.

ಅಲ್ಲಿಂದ ನೇರ ಅದೇ ಅಂಗಡಿಗೆ ಹೋದೆವು. ನಮ್ಮ ಹಳೆಯ ಚಕ್ರಗಳು ಯಾವುದೋ ಗಾಡಿಗೆ ಹೋಗಿಬಿಟ್ಟಿದ್ದವು. ಅಂಗಡಿಯವನ ಮೇಲೆ ರೇಗಬೇಕೆಂದು ನಾನು ಬಾಯಿ ತೆರೆದೆ, ಇವರು ಬೇಡ ಎಂದು ಕೈ ಮಾಡಿದರು. ಕಳಂಬೋಲಿಯ ಹತ್ತಿರ ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವವರಲ್ಲಿ ನಮ್ಮ ಕಾರಿನದೇ ಅಳತೆಯ ಕಬ್ಬಿಣದ ರಿಮ್ಮುಗಳು ಸಿಕ್ಕವು. ಕಪ್ಪಗಿದ್ದವು, ಅಲ್ಲಲ್ಲಿ ತುಕ್ಕು ಹಿಡಿದಿದ್ದವು. ದಪ್ಪ ರಬ್ಬರಿನ ಟಯರು ಹಾಕಿಸಿ, ಗಾಳಿಯನ್ನೂ ತುಸು ಕಮ್ಮಿ ಇಡಿಸಿ, ಸಂಜೆಯ ಹೊತ್ತಿಗೆ ಮನೆಗೆ ಬಂದೆವು. ದಾರಿಯುದ್ದಕ್ಕೂ ಗಾಡಿ ನಿಜವಾಗಿಯೂ ಮೆತ್ತಗೆ ಬಂತು.

ಮಂಚದ ಪಕ್ಕ ಕೂತು ಅಮ್ಮನಿಗೆ ಇವರೇ ಹೇಳಿದರು. ಚಕ್ರ ತೆಗೆಸಿದ್ದೇನೆ, ಮೊದಲಿನ ಹಾಗೇ ಮಾಡಿಸಿದ್ದೇನೆ, ನಾಳೆ ಹೋಗೋಣ ಎಂದು. ಅತ್ತೆ ಮಗನನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಅಂಥ ನೋಟವನ್ನು ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನ ಮೇಲೆ ಬೀರಿರಲಿಲ್ಲ. ಆ ರಾತ್ರಿ ನನ್ನ ಕೈಯಿಂದ ಗಂಜಿ ಕುಡಿಯಲಿಲ್ಲ. ಆದರೆ ಬೆಳಿಗ್ಗೆ ನಾನು ಸೀರೆ ತಂದಾಗ ಕೈ ಎತ್ತಿದರು. ಬರುತ್ತೇನೆ ಎಂದಷ್ಟೇ ಅದರ ಅರ್ಥ.

ಇನ್ನು ಎಲ್ಲ ಸರಿಹೋಯಿತು ಎಂದು ನಾನು ತಿಳಿದಿದ್ದೆ. ಸ್ಪೀಡ್‌ಬ್ರೇಕರನ್ನು ಗಾಡಿ ಮೆತ್ತಗೆ ದಾಟಿತು, ನನ್ನ ತೊಡೆಗೇ ಅದು ಗೊತ್ತಾಯಿತು. ಆದರೆ ಕಾಟಾಯಿಯ ಮೊದಲ ಹೊಂಡದಲ್ಲಿ ಅತ್ತೆ ಕೂಗಿದರು. ಮುಲುಗಿದ್ದಲ್ಲ, ಕೂಗಿದರು. ಹೆರಿಗೆಯ ಕೋಣೆಯಲ್ಲಿ ಕೇಳುವಂಥ ಕೂಗು. ಗಾಡಿ ಪಕ್ಕಕ್ಕೆ ಎಳೆಯಿತು. ಮುಂದಿನ ಹೊಂಡದಲ್ಲಿ ಮತ್ತೆ ಕೂಗಿದರು. ಸೆರಗು ಎದೆಯ ಮೇಲೆ ಹಾಗೇ ಬಿದ್ದಿತ್ತು, ಕೈ ಅದನ್ನು ಹುಡುಕಲೇ ಇಲ್ಲ. ಆಗ ನನಗೆ ಅರ್ಥವಾಯಿತು. ದೊಡ್ಡ ಚಕ್ರ ನೋವನ್ನು ಹೆಚ್ಚು ಮಾಡಿದ್ದು ನಿಜ, ಆದರೆ ನೋವು ಅದಕ್ಕೂ ಮೊದಲಿನಿಂದ, ಮೊದಲ ದಿನದಿಂದಲೇ, ಹೀಗೆ ಕೂಗುವಷ್ಟು ಇತ್ತು. ಆ ದಿನ ಅವರು ಸಣ್ಣಗೆ ಮುಲುಗಿದ್ದು ನುಂಗಿದ್ದರಲ್ಲಿ ಹೊರಗೆ ಜಾರಿದ ಚೂರು ಮಾತ್ರ. ಈಗ ಮಗನಿಗೆ ಎಲ್ಲ ಗೊತ್ತಾಗಿತ್ತು, ನುಂಗುವುದಕ್ಕೆ ಕಾರಣವೇ ಉಳಿದಿರಲಿಲ್ಲ. ಹೇಳಿದ್ದು ತಪ್ಪೆಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಸತ್ಯ ಹೇಳಿದರೆ ಮನೆಯವರಿಗೆ ಹಗುರಾಗುತ್ತದೆ ಎಂದು ಯಾರಾದರೂ ಅಂದರೆ ಅವರನ್ನು ಆ ಹಿಂದಿನ ಸೀಟಿನಲ್ಲಿ ಕೂರಿಸಬೇಕು.

ಇವರು ವೇಗ ತಗ್ಗಿಸಿದರು. ಹಿಂದಿನ ಟ್ರೇಲರಿನವನು ಹಾರ್ನು ಒತ್ತಿಯೇ ಇಟ್ಟ. ನಿಧಾನ ಹೋದರೆ ಹೊಂಡದ ಏಟು ಸಣ್ಣದು, ಆದರೆ ದಾರಿ ಉದ್ದ. ಜೋರಾಗಿ ಹೋದರೆ ದಾರಿ ಬೇಗ ಮುಗಿಯುತ್ತದೆ, ಏಟು ದೊಡ್ಡದು. ಎರಡರಲ್ಲಿ ಯಾವುದನ್ನೂ ಹಿಡಿಯಲಾಗದೆ, ಶಿಳ್ ಫಾಟಾದ ಮುಂಚೆ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿಬಿಟ್ಟರು. ಹಣೆಯನ್ನು ಸ್ಟೀರಿಂಗಿಗೆ ಒತ್ತಿ ಕೂತರು. ನನ್ನಿಂದಾಗುವುದಿಲ್ಲ, ವಾಪಸು ಹೋಗೋಣ ಅಂದರು. ಅವಳು ಸುಮ್ಮನಿದ್ದಾಗ ಓಡಿಸಬಲ್ಲೆ, ಹೀಗಿದ್ದರೆ ಓಡಿಸಲಾರೆ ಎಂದು ನನಗೆ ಹೇಳಿದರು, ಅಮ್ಮ ಕೇಳುವ ಹಾಗೇ.

ಅತ್ತೆ ನನ್ನ ತೊಡೆಯ ಮೇಲಿಂದ ತಲೆಯನ್ನು ತುಸು ಎತ್ತಿದರು. ನಾವಿಬ್ಬರೂ ಇರುವಾಗ ಅವರು ಮಗನ ಹತ್ತಿರ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಆವತ್ತು ಕನ್ನಡದಲ್ಲಿ ಆಡಿದರು, ನನಗೂ ಸೇರಿಸಿ ಹೇಳಿದ್ದಿರಬೇಕು. ಹೋಟೆಲಿನ ಒಳಗೆ ನಿಂತು ಭಟ್ಟರಿಗೆ ಹೇಳುತ್ತಿದ್ದ ದನಿ ಅದು.

“ನಿಲ್ಲಿಸ್ಬೇಡ. ನೀನು ನಿಲ್ಲಿಸಿದ್ರೆ ನಾನು ಮತ್ತೆ ಬಾಯಿ ಮುಚ್ಚಿಕೊಳ್ಬೇಕು. ಅದು ನಂಗೆ ಇನ್ನು ಆಗುದಿಲ್ಲ.”

ಇವರು ಮುಖ ಒರೆಸಿಕೊಂಡು ಗೇರು ಹಾಕಿದರು. ಕರೆಂಟು ಮುಗಿಯುವ ದಿನದವರೆಗೂ ನಾವು ಆ ರಸ್ತೆಯಲ್ಲಿ ಹಾಗೇ ಹೋದೆವು, ಹಾಗೇ ಬಂದೆವು. ಅತ್ತೆ ಕೂಗುತ್ತಿದ್ದರು, ಇವರು ಹಿಂದೆ ತಿರುಗದೆ ಓಡಿಸುತ್ತಿದ್ದರು, ನಾನು ಅವರ ತಲೆ ಹಿಡಿದುಕೊಂಡಿರುತ್ತಿದ್ದೆ. ಕಾಲು ಉಳಿಯಿತು. ದೀಪಾವಳಿ ಕಳೆದು ತೀರಿಕೊಳ್ಳುವ ಹಿಂದಿನ ದಿನದವರೆಗೂ ಗೋಡೆ ಹಿಡಿದುಕೊಂಡು ತಾವೇ ಬಚ್ಚಲಿಗೆ ಹೋಗಿ ಬಂದರು.